ಅಡ್ಡಹೆಸರಿನ ಪ್ರಶ್ನೆ

ಗಡಿಭಾಗದಲ್ಲಿ ಹೊಸಬರ ಪರಿಚಯ ಮಾಡಿಕೊಳ್ಳುವ ಕ್ರಮ ಬಹುಮಟ್ಟಿಗೆ ಒಂದೇ. ಮೊದಲು ಹೆಸರು ಕೇಳುತ್ತಾರೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅಡ್ಡಹೆಸರು ಕೇಳುತ್ತಾರೆ. ಹೆಸರಿನಿಂದ ತಿಳಿಯುವುದು ಅಲ್ಪ. ಅಡ್ಡಹೆಸರಿನಿಂದ ಊರು, ಕುಲ, ಮನೆಮಾತು, ಕೆಲವೊಮ್ಮೆ ಹಿರಿಯರ ಕಸುಬೂ ತಿಳಿಯುತ್ತದೆ. ಗಡಹಿಂಗ್ಲಜ ತಾಲೂಕಿನ ಕನ್ನಡ ಮನೆಯೊಂದರಿಂದ ಕೊಲ್ಲಾಪುರದ ಕಾಲೇಜಿಗೆ ಬಂದ ವಿದ್ಯಾರ್ಥಿಯೊಬ್ಬನಿಗೆ ಈ ಪ್ರಶ್ನೆ ವಸತಿನಿಲಯದಲ್ಲಿ, ಖಾನಾವಳಿಯಲ್ಲಿ, ಬಾಡಿಗೆಯ ಕೋಣೆ ಹುಡುಕುವ ಹೊತ್ತಿನಲ್ಲಿ ಎದುರಾಗುತ್ತಲೇ ಇತ್ತು. ಕೇಳಿದವರಲ್ಲಿ ಹೆಚ್ಚಿನವರು ಕೆಟ್ಟವರೇನಲ್ಲ. ಉತ್ತರ ಸಿಕ್ಕೊಡನೆ ಅವರ ಮುಖದಲ್ಲಿ ಏನೋ ಒಂದು ಲೆಕ್ಕ ಮುಗಿಯುತ್ತಿತ್ತು, ಅಷ್ಟೆ. 2019ರ ಡಿಸೆಂಬರಿನಲ್ಲಿ, ಅವನು ಬಹುಕಾಲ ಪ್ರೀತಿಸಿದ ಚಿತ್ರಮಾಲೆಯೊಂದರ ಕೊನೆಯ ಚಿತ್ರ ಅವನನ್ನು ನಿರಾಶೆಗೊಳಿಸಿತು. ಆ ನಿರಾಶೆಯ ಬೇರು ಈ ಪ್ರಶ್ನೆಯಲ್ಲಿಯೇ ಇತ್ತು.

ಆ ಚಿತ್ರಮಾಲೆಯ ಹೆಸರು ‘ಸ್ಟಾರ್ ವಾರ್ಸ್’. ಅಮೆರಿಕದ ಜಾರ್ಜ್ ಲ್ಯೂಕಸ್ ನಿರ್ದೇಶಿಸಿದ ಮೊದಲ ಚಿತ್ರ ತೆರೆಕಂಡದ್ದು 1977ರಲ್ಲಿ. ಮರುಭೂಮಿಯ ಗ್ರಹವೊಂದರಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಬಳಿ ಬೆಳೆದ ಒಕ್ಕಲು ಮನೆಯ ಹುಡುಗ ಲ್ಯೂಕ್ ಸ್ಕೈವಾಕರ್ ಒಂದು ಮಹಾಸಾಮ್ರಾಜ್ಯದ ವಿರುದ್ಧ ನಿಲ್ಲುವ ಕಥೆ ಅದು. 1980ರ ಎರಡನೆಯ ಚಿತ್ರದಲ್ಲಿ, ಎದುರಾಳಿ ಡಾರ್ತ್ ವೇಡರನೇ ತನ್ನ ತಂದೆ ಎಂಬುದು ಅವನಿಗೆ ತಿಳಿಯುತ್ತದೆ. 1983ರ ಮೂರನೆಯದರಲ್ಲಿ ಆ ತಂದೆ ಮಗನನ್ನು ಉಳಿಸಲು ಚಕ್ರವರ್ತಿ ಪ್ಯಾಲ್ಪಟೀನನನ್ನು ಪಾತಾಳಕ್ಕೆಸೆದು ತಾನೂ ಸಾಯುತ್ತಾನೆ. 1999ರಿಂದ 2005ರವರೆಗೆ ಬಂದ ಮೂರು ಚಿತ್ರಗಳು ಇದರ ಪೂರ್ವಕಥೆಯನ್ನು ಹೇಳಿದವು. 2012ರಲ್ಲಿ ಲ್ಯೂಕಸ್ ತಮ್ಮ ಸಂಸ್ಥೆಯನ್ನು ಡಿಸ್ನಿಗೆ ಮಾರಿದರು. ಅನಂತರ 2015, 2017 ಮತ್ತು 2019ರಲ್ಲಿ ಬಂದ ಮೂರು ಚಿತ್ರಗಳೊಂದಿಗೆ ಒಂಬತ್ತು ಚಿತ್ರಗಳ, 42 ವರ್ಷಗಳ ಕಥಾನಕ ಮುಗಿಯಿತು.

ಆ ವಿದ್ಯಾರ್ಥಿಯ ತಂದೆ ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗಗಳ ಜಾಬರ್. ಕೆಟ್ಟುನಿಂತ ಮಗ್ಗವನ್ನು ಬಿಚ್ಚಿ, ಸವೆದ ಭಾಗವನ್ನು ತೆಗೆದು, ಹಳೆಯ ಮಗ್ಗವೊಂದರಿಂದ ಕಳಚಿಟ್ಟ ಭಾಗವನ್ನು ಅಲ್ಲಿ ಕೂಡಿಸಿ ಮತ್ತೆ ಓಡಿಸುವುದು ಅವರ ಕೆಲಸ. ಹೆಂಡತಿ ಮಕ್ಕಳು ಊರಲ್ಲಿ, ತಾವು ಇಚಲಕರಂಜಿಯ ಒಂದೇ ಕೋಣೆಯಲ್ಲಿ. ರಜೆಗಳಲ್ಲಿ ಮಗ ಅಲ್ಲಿಗೆ ಹೋಗುತ್ತಿದ್ದ. ನೆರೆಯ ಗೆಳೆಯನ ಲ್ಯಾಪ್‌ಟಾಪಿನಲ್ಲಿ, ಹಗಲಿರುಳೂ ನಿಲ್ಲದ ಮಗ್ಗಗಳ ಸದ್ದಿನ ನಡುವೆ, ಅವನು ಮೊದಲ ಆರು ಚಿತ್ರಗಳನ್ನು ನೋಡಿದ. ಆದರೆ ಅವನ ಮನಸ್ಸನ್ನು ಹಿಡಿದದ್ದು 2015ರ ಚಿತ್ರ. ಅದರ ನಾಯಕಿ ರೇ ಎಂಬ ಹುಡುಗಿ. ಬಿದ್ದುಹೋದ ಆಕಾಶನೌಕೆಗಳ ಹೊಟ್ಟೆಯೊಳಗೆ ಇಳಿದು ಇನ್ನೂ ಕೆಲಸಕ್ಕೆ ಬರುವ ಭಾಗಗಳನ್ನು ಕಳಚಿ, ತೊಳೆದು, ಮಾರಿ, ಆ ಹೊತ್ತಿನ ಊಟ ಗಳಿಸುವವಳು. ಅವಳಿಗೆ ಅಡ್ಡಹೆಸರಿಲ್ಲ. ಬಿಟ್ಟುಹೋದ ತಂದೆತಾಯಿ ಬರುವರೆಂದು ಗೋಡೆಯ ಮೇಲೆ ದಿನಕ್ಕೊಂದು ಗೆರೆ ಕೊರೆಯುತ್ತ ಕಾದಿರುವಳು. ಅವಳ ಜೊತೆಗಾರ ಫಿನ್ನನಿಗಂತೂ ಹೆಸರೂ ಇರಲಿಲ್ಲ. ಸೈನ್ಯ ಕೊಟ್ಟ ಒಂದು ಸಂಖ್ಯೆ ಮಾತ್ರ ಇತ್ತು. ಜಾಬರನ ಮಗನಿಗೆ ಇವರಿಬ್ಬರ ಪರಿಚಯವನ್ನು ಬೇರೆ ಯಾರೂ ಮಾಡಿಸಬೇಕಾಗಿರಲಿಲ್ಲ.

2017ರ ‘ದಿ ಲಾಸ್ಟ್ ಜೆಡೈ’ ಚಿತ್ರದಲ್ಲಿ ರೇಯ ತಂದೆತಾಯಿಗಳ ಗುಟ್ಟು ಒಡೆಯುತ್ತದೆ, ಅಥವಾ ಗುಟ್ಟೇ ಇಲ್ಲವೆಂದು ತಿಳಿಯುತ್ತದೆ. ಅವರು ಯಾರೂ ಅಲ್ಲ. ಕುಡಿತದ ಕಾಸಿಗಾಗಿ ಮಗಳನ್ನು ಮಾರಿದ ಗುಜರಿಯವರು. ಜಗತ್ತಿನ ಜೀವರಾಶಿಯನ್ನೆಲ್ಲ ಕೂಡಿಸಿ ಹಿಡಿದಿರುವ ಶಕ್ತಿ ಒಂದು ವಂಶದ ಸೊತ್ತಲ್ಲ, ಅದು ಯಾರಲ್ಲಿಯೂ ಮೂಡಬಹುದು ಎಂಬ ಅರ್ಥ ಅದರಿಂದ ಹೊರಡುತ್ತಿತ್ತು. ಚಿತ್ರದ ಕೊನೆಯ ದೃಶ್ಯದಲ್ಲಿ ಸಿರಿವಂತರ ಲಾಯದಲ್ಲಿ ದುಡಿಯುವ, ಹೆಸರನ್ನೂ ಹೇಳದ ಪುಟ್ಟ ಹುಡುಗನೊಬ್ಬ ಕೈಚಾಚಿದಾಗ ಕಸಬರಿಗೆ ತಾನಾಗಿ ಅವನ ಕೈಗೆ ಬರುತ್ತದೆ. ಅವನು ಅದನ್ನು ಹಿಡಿದು ನಕ್ಷತ್ರಗಳತ್ತ ನೋಡುತ್ತಾನೆ. ಆ ಚಿತ್ರವನ್ನು ಅನೇಕ ಹಳೆಯ ಅಭಿಮಾನಿಗಳು ಸಿಟ್ಟಿನಿಂದ ತಿರಸ್ಕರಿಸಿದರು. ನಮ್ಮ ವಿದ್ಯಾರ್ಥಿಗೆ ಮಾತ್ರ ಅದು ಕೊಲ್ಲಾಪುರಕ್ಕೆ ಒಪ್ಪುವ ಚಿತ್ರವೆನಿಸಿತು. ಹಿಂದುಳಿದ ವರ್ಗಗಳಿಗೆ ಸಂಸ್ಥಾನದ ಹುದ್ದೆಗಳಲ್ಲಿ ಶೇಕಡಾ 50ನ್ನು ಮೀಸಲಿಡಬೇಕೆಂದು ಶಾಹು ಮಹಾರಾಜರು 1902ರ ಜುಲೈ 26ರಂದು ಆಜ್ಞೆ ಹೊರಡಿಸಿದ ಊರು ಇದು. ಹುಟ್ಟು ಒಬ್ಬನ ಯೋಗ್ಯತೆಯ ಅಳತೆಯಲ್ಲ ಎಂಬ ಮಾತು ಇಲ್ಲಿ ಪುಸ್ತಕದಲ್ಲಷ್ಟೇ ಉಳಿದದ್ದಲ್ಲ.

ಕೊನೆಯ ಚಿತ್ರ ‘ದಿ ರೈಸ್ ಆಫ್ ಸ್ಕೈವಾಕರ್’ ಭಾರತದಲ್ಲಿ ಬಿಡುಗಡೆಯಾದದ್ದು 2019ರ ಡಿಸೆಂಬರ್ 20ರಂದು. ಆ ವರ್ಷದ ಆಗಸ್ಟಿನಲ್ಲಿ ಪಂಚಗಂಗೆಯ ಮಹಾಪೂರ ಜಿಲ್ಲೆಯನ್ನು ಕಂಗೆಡಿಸಿತ್ತು. ತಂದೆಯ ದುಡಿಮೆ ಕೆಲಕಾಲ ನಿಂತಿತ್ತು. ಟಿಕೆಟ್ಟಿನ ಹಣವನ್ನು ಅವನು ಒಂದು ತಿಂಗಳ ಸಂಜೆಯ ಚಹಾ ಬಿಟ್ಟು ಕೂಡಿಸಿದ್ದ. ಚಿತ್ರ ಮೊದಲ ನಿಮಿಷಗಳಲ್ಲಿಯೇ ಸತ್ತ ಪ್ಯಾಲ್ಪಟೀನನನ್ನು ಎಬ್ಬಿಸಿ ಕೂರಿಸಿತು. ಅರ್ಧ ದಾಟುವಷ್ಟರಲ್ಲಿ ರೇ ಅವನ ಮೊಮ್ಮಗಳೆಂದು ತಿಳಿಸಿತು. ಅವಳ ತಂದೆತಾಯಿ ಅವಳನ್ನು ಮಾರಿದ್ದು ಅಜ್ಜನಿಂದ ಕಾಪಾಡಲಿಕ್ಕಂತೆ. ಅವಳಲ್ಲಿರುವ ಬಲ ಅಜ್ಜನದಂತೆ. ಕೊನೆಗೆ ಅವಳು ಅಜ್ಜನನ್ನು ಸೋಲಿಸಿ, ಲ್ಯೂಕ್ ಬೆಳೆದ ಮರುಭೂಮಿಯ ಮನೆಗೆ ಬರುತ್ತಾಳೆ. ದಾರಿಹೋಕ ಮುದುಕಿಯೊಬ್ಬಳು ನೀನು ಯಾರೆಂದು ಕೇಳುತ್ತಾಳೆ. ರೇ ಎಂದು ಹೇಳಿದರೆ ಮುದುಕಿಗೆ ಸಾಲದು. ಯಾವ ರೇ ಎಂದು ಮತ್ತೆ ಕೇಳುತ್ತಾಳೆ. ಹುಡುಗಿ ಕ್ಷಣಕಾಲ ದೂರ ನೋಡಿ, ರೇ ಸ್ಕೈವಾಕರ್ ಎನ್ನುತ್ತಾಳೆ. ಕತ್ತಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿಗೆ ಆ ಮುದುಕಿಯ ಎರಡನೆಯ ಪ್ರಶ್ನೆ ಬಹಳ ಪರಿಚಿತವಾಗಿತ್ತು. ರೇ ಆ ಪ್ರಶ್ನೆಗೆ ಉತ್ತರ ಕೊಡಬಾರದಾಗಿತ್ತು ಎಂದು ಅವನಿಗೆ ಅನಿಸಿತು.

ಕನ್ನಡವನ್ನು ಐಚ್ಛಿಕವಾಗಿ ಓದಿ ಬಿ.ಎ. ಮುಗಿಸಿದ ಅವನ ಅಕ್ಕ ಮದುವೆಯಾಗಿ ಹತ್ತಿರದ ಸಂಕೇಶ್ವರದಲ್ಲಿದ್ದಳು. ರಾಜ್ಯ ಬೇರೆ, ಮಾತು ಒಂದೇ. ತಮ್ಮನಿಂದ ಕಥೆಯನ್ನೆಲ್ಲ ಕೇಳಿದ ಅಕ್ಕ ಅವನ ನಿರಾಶೆಯನ್ನು ಸುಲಭಕ್ಕೆ ಒಪ್ಪಲಿಲ್ಲ.

“ಆಕಿ ಯಾರ ಮೊಮ್ಮಗಳಾದ್ರ ಏನಾತು ತಮ್ಮಾ? ಸಿಂಹಾಸನ ಕೊಡ್ತೀನಿ ಅಂದ್ರೂ ಒಲ್ಲೆ ಅಂದಳಲ್ಲ. ಕರ್ಣನ ಕತಿ ಬ್ಯಾರೆ ಏನೈತಿ? ಹುಟ್ಟು ತಿಳದ ಮ್ಯಾಲೂ ಆಂವ ದುರ್ಯೋಧನನ್ನ ಬಿಡಲಿಲ್ಲ.”

“ಕರ್ಣಗ ಬಿಲ್ಲವಿದ್ಯಾ ಕಲಿಸಿದಾಂವ ಪರಶುರಾಮ ಅಕ್ಕಾ, ಸೂರ್ಯ ಅಲ್ಲ. ಈಕಿಗೆ ಬಲ ಎಲ್ಲಿಂದ ಬಂತು ಅಂದ್ರ ಅಜ್ಜನ ರಕ್ತದಿಂದ ಅಂತ ಹೇಳ್ಯಾರ.”

“ಕವಚ ಕುಂಡಲ ಹುಟ್ಟಿನಿಂದನ ಬಂದಿದ್ವಲ್ಲ?”

“ಬಂದಿದ್ವು. ಅವನ್ನ ಮೈಯಿಂದ ಕೊಯ್ದು ಕೊಟ್ಟನಲ್ಲ ಆಂವ.”

ಅಕ್ಕನ ಮಾತಿಗೆ ಚಿತ್ರದಲ್ಲಿಯೂ ಆಧಾರವುಂಟು. ಮಧ್ಯದಲ್ಲೊಮ್ಮೆ ಹಬ್ಬದ ಜಾತ್ರೆಯಲ್ಲಿ ಒಬ್ಬಳು ರೇಯ ಮನೆತನದ ಹೆಸರು ಕೇಳಿದಾಗ, ತನಗೆ ಅಂಥದಿಲ್ಲ, ತಾನು ಬರೀ ರೇ ಎಂದು ಅವಳು ಉತ್ತರಿಸುತ್ತಾಳೆ. ಕೊನೆಯ ಉತ್ತರ ಆ ಪ್ರಶ್ನೆಯ ಫಲ. ಹುಟ್ಟು ಕೊಟ್ಟ ಹೆಸರನ್ನು ಬಿಟ್ಟು, ತನ್ನನ್ನು ಶಿಷ್ಯೆಯಾಗಿ ಕಂಡವರ ಹೆಸರನ್ನು ಅವಳು ಆಯ್ದುಕೊಂಡಳು. ಆಯ್ಕೆ ರಕ್ತಕ್ಕಿಂತ ದೊಡ್ಡದು ಎಂದೇ ಚಿತ್ರ ಹೇಳುತ್ತಿದೆ ಎನ್ನಬಹುದು. ಲ್ಯೂಕನ ಕಥೆಯೂ ತಂದೆಯ ಗುಟ್ಟಿನ ಮೇಲೆಯೇ ನಿಂತದ್ದಲ್ಲವೇ ಎಂದೂ ಕೇಳಬಹುದು. ಈ ವಾದಗಳು ಗಟ್ಟಿಯಾದವೇ. ಆದರೂ ವಿದ್ಯಾರ್ಥಿಯ ತಕರಾರು ಉಳಿಯುತ್ತದೆ. ಲ್ಯೂಕನ ತಂದೆಯ ಗುಟ್ಟು ಅವನ ಹಾದಿಯನ್ನು ಕಠಿಣಗೊಳಿಸಿತು: ಕೊಲ್ಲಬೇಕಾದವನನ್ನು ಪ್ರೀತಿಸಬೇಕಾಯಿತು. ಪಂಪನ ಕರ್ಣನಿಗೂ ಹುಟ್ಟು ತಿಳಿದದ್ದರಿಂದ ನಿಷ್ಠೆಯ ಬೆಲೆ ಹೆಚ್ಚಾಯಿತು. ರೇಯ ಗುಟ್ಟಾದರೋ ಅವಳ ಬಲಕ್ಕೆ ಕಾರಣವನ್ನು ಒದಗಿಸಿಬಿಟ್ಟಿತು. ಗುಜರಿ ಹೆಕ್ಕುವವಳಲ್ಲಿ ಇಷ್ಟೊಂದು ಶಕ್ತಿ ಹೇಗೆ ಎಂಬ ಬೆರಗು ಹೋಗಿ, ದೊಡ್ಡ ಮನೆತನದವಳಲ್ಲವೇ ಎಂಬ ಸಮಾಧಾನ ಬಂತು. ಅವಳು ಒಂದು ಪ್ರಸಿದ್ಧ ವಂಶವನ್ನು ಬಿಟ್ಟು ಸೇರಿದ್ದು ಇನ್ನೊಂದು ಪ್ರಸಿದ್ಧ ವಂಶವನ್ನು.

ಹೀಗಾದದ್ದಕ್ಕೆ ಹೊರಗಿನ ಕಾರಣಗಳೂ ಇವೆ. 2015ರ ಚಿತ್ರವನ್ನು ಜೆ. ಜೆ. ಏಬ್ರಮ್ಸ್, 2017ರದನ್ನು ರಿಯಾನ್ ಜಾನ್ಸನ್ ನಿರ್ದೇಶಿಸಿದರು. ಮೂರನೆಯದಕ್ಕೆ ಗೊತ್ತಾಗಿದ್ದ ಕಾಲಿನ್ ಟ್ರೆವೊರೊ 2017ರಲ್ಲಿ ಹೊರಬಿದ್ದು ಏಬ್ರಮ್ಸ್ ಮರಳಿ ಬಂದರು. ರಾಜಕುಮಾರಿ ಲಿಯಾ ಪಾತ್ರದ ಕ್ಯಾರಿ ಫಿಷರ್ 2016ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರಿಂದ, ಹಿಂದೆ ಚಿತ್ರೀಕರಿಸಿ ಬಳಸದೆ ಉಳಿದಿದ್ದ ದೃಶ್ಯಗಳಿಂದ ಅವರ ಪಾತ್ರವನ್ನು ಹೊಂದಿಸಬೇಕಾಯಿತು. ಆದರೆ ಅನೇಕರ ಕೈ ಸೇರಿತೆಂಬುದೇ ದೋಷವಲ್ಲ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣಕವಿ ಕೃಷ್ಣದೇವರಾಯನ ಆಶ್ರಯದಲ್ಲಿ ಮುಂದುವರಿಸಿದ. ಮುಂದುವರಿಸುವವನು ಹಿಂದಿನವನ ಮಾತನ್ನು ಅಳಿಸದಿದ್ದರೆ ಸಾಕು. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಐದು ಸಂಧಿಗಳನ್ನು ನಾವು ಪರೀಕ್ಷೆಗಾಗಿ ಓದುತ್ತೇವೆ. ಮುಖದಲ್ಲಿ ಬಿತ್ತಿದ ಬೀಜ ನಿರ್ವಹಣದಲ್ಲಿ ಫಲವಾಗಿ ಕೈಸೇರಬೇಕೆಂಬ ಆ ನಿಯಮ ಒಣ ಸೂತ್ರವಲ್ಲ, ಪ್ರೇಕ್ಷಕನಿಗೆ ಕೊಟ್ಟ ಭಾಷೆ. ಕಥೆಯ ಕೊನೆ ದುಃಖದ್ದಾದರೂ ಪ್ರೇಕ್ಷಕ ತಾಳಿಕೊಳ್ಳುತ್ತಾನೆ. ಬಿತ್ತಿದ ಬೀಜ ಒಂದು, ಬೆಳೆದ ಫಲ ಇನ್ನೊಂದು ಎಂದಾದಾಗ ತಾಳುವುದು ಕಷ್ಟ.

ಕೊಲ್ಲಾಪುರಕ್ಕೆ ಸಿನಿಮಾ ಹೊರಗಿನಿಂದ ಬಂದ ವಸ್ತುವಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಚಿತ್ರೀಕರಣಗೊಂಡದ್ದು ಇಲ್ಲಿಯ ಛತ್ರಪತಿ ಸಿನಿಟೋನಿನಲ್ಲಿ. ಅದಕ್ಕೂ ಮೊದಲು, 1920ರಲ್ಲಿ, ‘ಸೈರಂಧ್ರಿ’ ಎಂಬ ಮೂಕಚಿತ್ರವನ್ನು ಮಾಡಿದ ಬಾಬುರಾವ್ ಇಲ್ಲಿಯವರು. ಕುಶಲಕರ್ಮಿಗಳ ಮನೆಯಲ್ಲಿ ಹುಟ್ಟಿ, ಚಿತ್ರಕಲೆಯನ್ನು ತಾವೇ ಕಲಿತು, ಕ್ಯಾಮೆರಾವನ್ನೂ ಊರಲ್ಲಿಯೇ ಕಟ್ಟಿಕೊಂಡವರು. ಅವರ ಮನೆತನದ ಹೆಸರು ಮೇಸ್ತ್ರಿ. ಲೋಕ ಅವರನ್ನು ಕರೆದದ್ದು ಬಾಬುರಾವ್ ಪೇಂಟರ್ ಎಂದು. ಕೈ ಮಾಡಿದ ಕೆಲಸವೇ ಅಡ್ಡಹೆಸರಾಯಿತು. ರೇಗೂ ಅಂಥದೊಂದು ಹೆಸರು ಸಿಗಬಹುದಿತ್ತು. ಕೊನೆಯ ದೃಶ್ಯದಲ್ಲಿ ಅವಳ ಕೈಯಲ್ಲಿರುವ ಹೊಸ ಆಯುಧವನ್ನು ಅವಳೇ ಕಟ್ಟಿಕೊಂಡಿದ್ದಳು.

ಮರುವರ್ಷ ಕಾಲೇಜುಗಳು ಮುಚ್ಚಿದ್ದಾಗ ಅವನು ಅಕ್ಕನ ಮಗನಿಗೆ ಈ ಚಿತ್ರಗಳನ್ನೆಲ್ಲ ಒಂದೊಂದಾಗಿ ತೋರಿಸಿದ. ಕೊನೆಯದನ್ನು ತೋರಿಸದೆ ಎಂಟಕ್ಕೇ ನಿಲ್ಲಿಸಬೇಕೆಂದಿದ್ದ, ಅಕ್ಕ ಬಿಡಲಿಲ್ಲ. ಒಂಬತ್ತನೆಯದು ಮುಗಿದ ಮೇಲೆ ಹುಡುಗ ಚಕ್ರವರ್ತಿಯ ವಿಷಯ ಕೇಳಲಿಲ್ಲ, ಮೊಮ್ಮಗಳ ವಿಷಯವನ್ನೂ ಕೇಳಲಿಲ್ಲ. “ಮಾಮಾ, ಆ ಕಸಬರಿಗಿ ಹುಡುಗ ಮುಂದ ಏನಾದ?” ಎಂದು ಕೇಳಿದ. ಕೊನೆಯ ಚಿತ್ರದಲ್ಲಿ ಆ ಹುಡುಗ ಇಲ್ಲ. ಸೋದರಮಾವ ಅದನ್ನೇ ಹೇಳಿದ. ಹುಡುಗ ಒಪ್ಪಲಿಲ್ಲ, ಅವನ ಕಥೆಯನ್ನು ತಾನೇ ಹೇಳತೊಡಗಿದ.