ಅಂಗಡಿಯಿಲ್ಲದ ಗಾಡಿ

ನಮ್ಮ ಕಿರಿಯ ಮಗನು ಕಳೆದ ವರ್ಷ ವಿದ್ಯುತ್ತಿನಿಂದ ನಡೆಯುವ ಒಂದು ಸ್ಕೂಟರನ್ನು ಕೊಂಡನು. ಅಂಗಡಿಗೆ ಹೋಗಲಿಲ್ಲ, ಜಗಲಿಯ ಮೇಲೆ ಕುಳಿತು, ಫೋನಿನಿಂದಲೇ ಹಣವನ್ನು ತಯಾರಕರಿಗೆ ನೇರವಾಗಿ ಸಲ್ಲಿಸಿದನು. "ನಡುವೆ ದಲಾಲಿಯವರಿಲ್ಲ ಅಪ್ಪಾ" ಎಂದು ಹಿಗ್ಗಿದನು. ನಾವೂ ಒಪ್ಪಿದೆವು. ಕೇಣಿಯವರಿಗೆ ಇದು ಹೊಸತೇ? ದೋಣಿಯಿಂದಿಳಿದ ಮೀನು, ಹಿಡಿದವನ ಹೆಂಡತಿಯ ತಲೆಯ ಮೇಲೆ ಬುಟ್ಟಿಯಲ್ಲಿ ಕುಳಿತು ಮನೆಬಾಗಿಲಿಗೆ ಬರುವ ಊರು ನಮ್ಮದು.

ಮೂರು ತಿಂಗಳೊಳಗೆ ಗಾಡಿಯು ನಿಂತಿತು. ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಒಯ್ಯಿರೆಂದು ಕಂಪನಿಯಿಂದ ಉತ್ತರ ಬಂದಿತು. ಗಾಡಿಯು ತೆಂಗಿನ ಬುಡದಲ್ಲಿ ಮಳೆಗಾಲವನ್ನು ಕಳೆಯಿತು. ಹುಡುಗನು ಕೆಲಸಕ್ಕೆ ಬಸ್ಸು ಹಿಡಿದನು. ಸಾಲದ ಕಂತು ಮಾತ್ರ ತಪ್ಪಲಿಲ್ಲ.

ಆಗ ನಮಗೆ ಜಿಜ್ಞಾಸೆ ಹುಟ್ಟಿತು. ಅಮೇರಿಕದ ಅನೇಕ ಸಂಸ್ಥಾನಗಳಲ್ಲಿ ಮೋಟಾರು ತಯಾರಿಸುವವನು ಗಿರಾಕಿಗೆ ತಾನೇ ಮಾರಕೂಡದೆಂದು ಕಾಯಿದೆಯುಂಟು. ದೊಡ್ಡ ಕಾರಖಾನೆಯವರು ತಮ್ಮ ಮಾಲನ್ನು ಮಾರಿಕೊಟ್ಟ ಸಣ್ಣ ವರ್ತಕರ ಹೊಟ್ಟೆಯ ಮೇಲೆ ಹೊಡೆಯದಿರಲೆಂದು ಅದು ಹುಟ್ಟಿತು. ಆದರೆ ವರ್ತಕರನ್ನೇ ನೇಮಿಸದ ಟೆಸ್ಲಾ ಕಂಪನಿಗೂ ಅದು ಅಡ್ಡ ಬಂದಿತು. ಟೆಕ್ಸಾಸಿನಲ್ಲಿ 2022 ರಿಂದ ಅವರ ಕಾರಖಾನೆಯು ನಡೆಯುತ್ತಿದೆ. ಆದರೂ ಅಲ್ಲಿಯ ಮಳಿಗೆಯಲ್ಲಿ ಕಾರನ್ನು ನೋಡಬಹುದೇ ಹೊರತು ಕೊಳ್ಳುವಂತಿಲ್ಲ. ಖರೀದಿಯು ಅಂತರ್ಜಾಲದ ಮೂಲಕ, ಪರಸಂಸ್ಥಾನದ ವ್ಯವಹಾರವೆಂಬಂತೆ ನಡೆಯಬೇಕು. ತರ್ಕಸಂಗ್ರಹವನ್ನು ಪಾಠ ಹೇಳಿದ ನಮಗೂ ಇದು ಬಗೆಹರಿಯಲಿಲ್ಲ.

ನಮ್ಮ ದೇಶದಲ್ಲಿ ಅಂಥ ನಿಷೇಧವಿಲ್ಲ. 2025 ರ ಜುಲೈಯಲ್ಲಿ ಅದೇ ಟೆಸ್ಲಾ ಮುಂಬಯಿಯಲ್ಲಿ ಸ್ವಂತ ಮಳಿಗೆಯನ್ನು ತೆರೆಯಿತು. 1989 ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ನೋಂದಣಿಯಾಗದ ಗಾಡಿಗಳನ್ನು ಇಟ್ಟುಕೊಂಡು ಮಾರುವವರಿಗೆ ವ್ಯಾಪಾರ ಪ್ರಮಾಣಪತ್ರವು ಬೇಕು. ತಯಾರಕನೂ ಅದನ್ನು ಪಡೆಯಬಹುದು. ಆದರೆ ಕೆಟ್ಟ ಗಾಡಿಯನ್ನು ಸರಿಮಾಡುವ ಕೈ ಎಷ್ಟು ಹರದಾರಿಯಲ್ಲಿದೆಯೆಂಬುದನ್ನು ಆ ಪತ್ರವು ಹೇಳದು.

ಮೀನಿನವಳು ಕೆಟ್ಟದ್ದನ್ನು ಕೊಟ್ಟರೆ ಮರುದಿನ ಅದೇ ಬಾಗಿಲಿಗೆ ಬಂದು ಬೈಸಿಕೊಳ್ಳಬೇಕು. ಫೋನಿನಲ್ಲಿ ಮಾರಿದವನನ್ನು ಯಾವ ಬಾಗಿಲಲ್ಲಿ ನಿಲ್ಲಿಸೋಣ? ವಿಚಾರಿಸಲಾಗಿ, 2019 ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಒಂದು ಬಾಗಿಲನ್ನು ತೆರೆದಿದೆಯೆಂದು ತಿಳಿಯಬಂದಿತು: ಮಾರಿದವನು ಎಲ್ಲಿಯೇ ಇರಲಿ, ಕೊಂಡವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ನಮಗೆ ಅದು ಕಾರವಾರ.

ದೂರನ್ನು ನಾವೇ ಸ್ವಹಸ್ತದಿಂದ ಬರೆದುಕೊಟ್ಟೆವು. ಮಗನು ಅದರೊಳಗಿನ ಎರಡು ದೀರ್ಘ ಸಮಾಸಗಳನ್ನು ಹೊಡೆದುಹಾಕಿ, ಟೈಪು ಮಾಡಿಸಿ, ಸೋಮವಾರ ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಹೋದನು.