ಪರಮಾಣು ಮುಗಿದು ಲೋಹ ಶುರುವಾಗುವಲ್ಲಿ

ಲೋಹ ಬಾಗುವುದನ್ನು ನೋಡುತ್ತ ಕೂರುವುದರಲ್ಲೇ ಸುಖ ಕಾಣುವ ಕೆಲವರಿದ್ದಾರೆ. ಅವರ ಮುಂದಿರುವುದು ಕುಲುಮೆಯಲ್ಲ, ಕಂಪ್ಯೂಟರ್ ಪರದೆ. ಅದರ ಮೇಲೆ ಅಲ್ಯೂಮಿನಿಯಂನ ಒಂದು ಚೂರು. ಒಂದೊಂದು ಪರಮಾಣುವೂ ಒಂದೊಂದು ಗುಂಡು. ಓವಿಟೊ ಎಂಬ ತಂತ್ರಾಂಶದಲ್ಲಿ ನೆರೆಹೊರೆಯನ್ನು ಲೆಕ್ಕ ಹಾಕಿಸಿ ಬಣ್ಣ ಬಳಿಸಿದರೆ, ಸರಿಯಾದ ಜಾಗದಲ್ಲಿ ಕೂತ ಪರಮಾಣುಗಳೆಲ್ಲ ಹಸಿರಾಗುತ್ತವೆ. ಪದರಗಳ ಸರದಿ ತಪ್ಪಿದ ಕಡೆ ಕೆಂಪು. ಯಾವ ಲೆಕ್ಕಕ್ಕೂ ಸೇರದವು ಬಿಳಿ. ಹಸಿರನ್ನು ಪೂರ್ತಿ ಮರೆಮಾಡಿದರೆ ಲಕ್ಷಗಟ್ಟಲೆ ಪರಮಾಣುಗಳು ಮಾಯವಾಗಿ, ಒಂದು ಕಿರಿದಾದ ಕೆಂಪು ಪಟ್ಟಿ, ಅದರ ಎರಡೂ ಅಂಚಿಗೆ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ಅದೇ ಡಿಸ್‌ಲೊಕೇಶನ್, ಸ್ಫಟಿಕದ ಜೋಡಣೆಯಲ್ಲಿರುವ ಒಂದು ದೋಷದ ಗೆರೆ. ತಾಮ್ರದಲ್ಲಾದರೆ ಆ ಪಟ್ಟಿ ಅಗಲವಾಗಿರುತ್ತದೆ. ಅಲ್ಯೂಮಿನಿಯಂನಲ್ಲಿ ಕೆಲವೇ ಪರಮಾಣುಗಳಷ್ಟು. ಪಳಗಿದ ಕಣ್ಣಿಗೆ ಪಟ್ಟಿ ನೋಡಿದರೆ ಸಾಕು, ಲೋಹ ಯಾವುದೆಂದು ಅಂದಾಜಾಗುತ್ತದೆ.

ಇಡೀ ಲೋಹದ ಬಾಗು-ಬಳುಕು ಈ ಗೆರೆಯ ಕೈಯಲ್ಲಿದೆ. 1926ರಲ್ಲಿ ರಷ್ಯಾದ ಯಾಕೋವ್ ಫ್ರೆಂಕೆಲ್, ಸ್ಫಟಿಕದ ಒಂದು ಪದರ ಇನ್ನೊಂದರ ಮೇಲೆ ಇಡಿಯಾಗಿ ಜಾರಬೇಕಾದರೆ ಎಷ್ಟು ಬಲ ಬೇಕೆಂದು ಲೆಕ್ಕ ಹಾಕಿದರು. ಬಂದ ಉತ್ತರಕ್ಕೂ ನಿಜವಾದ ಶುದ್ಧ ಲೋಹಕ್ಕೂ ಅಜಗಜಾಂತರ. ಲೋಹ ಅದಕ್ಕಿಂತ ಸಾವಿರಾರು ಪಟ್ಟು ಮೆದು. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಮೂವರೂ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು: ಪದರ ಇಡಿಯಾಗಿ ಜಾರುವುದಿಲ್ಲ, ದೋಷದ ಗೆರೆ ಸಾಗಿದಂತೆ ಸಾಲು ಸಾಲಾಗಿ ಜಾರುತ್ತದೆ. 1947ರಲ್ಲಿ ಕೇಂಬ್ರಿಜ್‌ನ ಲಾರೆನ್ಸ್ ಬ್ರಾಗ್ ಮತ್ತು ಜಾನ್ ನೈ ಸೋಪಿನ ನೀರಿನ ಮೇಲೆ ಒಂದೇ ಗಾತ್ರದ ಸಣ್ಣ ಸಣ್ಣ ಗುಳ್ಳೆಗಳನ್ನು ಒತ್ತೊತ್ತಾಗಿ ತೇಲಿಬಿಟ್ಟು, ಆ ಗೆರೆ ಓಡುವುದನ್ನು ಕಣ್ಣಾರೆ ತೋರಿಸಿದರು. ಅವರ ಪ್ರಬಂಧ ಭೌತವಿಜ್ಞಾನಿ ಫೈನ್‌ಮನ್‌ಗೆ ಎಷ್ಟು ಹಿಡಿಸಿತೆಂದರೆ, ತಮ್ಮ ಉಪನ್ಯಾಸಗಳ ಎರಡನೇ ಸಂಪುಟದಲ್ಲಿ ಅದನ್ನು ಹಾಗೇ ಮರುಮುದ್ರಿಸಿದರು.

ತಮಾಷೆಯೆಂದರೆ ಈ ಗೆರೆಯ ಗಣಿತ ಅದಕ್ಕೂ ಮೊದಲೇ ಸಿದ್ಧವಿತ್ತು. ಇಟಲಿಯ ವಿಟೊ ವೊಲ್ಟೆರಾ 1907ರಲ್ಲೇ, ಪರಮಾಣುವಿನ ಗೊಡವೆಗೇ ಹೋಗದೆ, ವಸ್ತುವನ್ನು ಎಡೆಬಿಡದ ಒಂದೇ ಹರಹು ಎಂದು ಭಾವಿಸಿ ಅದನ್ನು ಬರೆದಿಟ್ಟಿದ್ದರು. ಸೇತುವೆ, ವಿಮಾನದ ರೆಕ್ಕೆ, ಬಾಯ್ಲರ್ ಕಟ್ಟುವ ಎಂಜಿನಿಯರುಗಳು ಇಂದಿಗೂ ನೆಚ್ಚಿರುವ ಕಂಟಿನ್ಯುಅಂ ಮೆಕ್ಯಾನಿಕ್ಸ್ ಎಂದರೆ ಇದೇ. ಅದರ ಪ್ರಕಾರ ಗೆರೆಯಿಂದ ದೂರ ಹೋದಂತೆ ಒತ್ತಡ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಎರಡರಷ್ಟು ದೂರಕ್ಕೆ ಅರ್ಧ, ನಾಲ್ಕರಷ್ಟಕ್ಕೆ ಕಾಲು. ಹತ್ತಿರ ಬಂದಂತೆ ಏರುತ್ತ ಏರುತ್ತ ನಡುಮಧ್ಯದಲ್ಲಿ ಅನಂತವಾಗಿಬಿಡುತ್ತದೆ. ಲೋಹದೊಳಗೆ ಅನಂತ ಒತ್ತಡ ಎಲ್ಲಿಯದು? ಆ ನಾಲ್ಕಾರು ಪರಮಾಣುಗಳ ಅಗಲದಲ್ಲಿ ಮಾತ್ರ ಸಿದ್ಧಾಂತ ಕೈಕೊಡುತ್ತದೆ. ಅದರಾಚೆ ಅದರ ಮಾತು ಚಾಚೂ ತಪ್ಪುವುದಿಲ್ಲ.

ಹಾಗಾದರೆ ಎಲ್ಲವನ್ನೂ ಪರಮಾಣುಗಳಿಂದಲೇ ಕಟ್ಟಿಬಿಡಬಾರದೇಕೆ? ಒಂದು ಮೈಕ್ರಾನ್ ಬದಿಯ ಅಲ್ಯೂಮಿನಿಯಂ ಘನದಲ್ಲೇ ಸುಮಾರು 6,000 ಕೋಟಿ ಪರಮಾಣುಗಳಿವೆ. ಅವುಗಳ ಚಲನೆಯನ್ನು ಫೆಮ್ಟೊಸೆಕೆಂಡ್ ಲೆಕ್ಕದಲ್ಲಿ, ಎಂದರೆ ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿ ಒಂದೊಂದೇ ಪಾಲು ಮುಂದಕ್ಕೆ ನಡೆಸಬೇಕು. ಚಿಕ್ಕ ಡಬ್ಬಿಯೊಂದನ್ನು ಕತ್ತರಿಸಿಕೊಂಡು ಅಷ್ಟನ್ನೇ ನೋಡೋಣವೆಂದರೆ, ಡಿಸ್‌ಲೊಕೇಶನ್ನಿನ ಪ್ರಭಾವ ಬಲು ದೂರ ಹಬ್ಬುವಂಥದ್ದು. ಡಬ್ಬಿಯ ಗೋಡೆಗಳೇ ಅದನ್ನು ತಳ್ಳುತ್ತವೆ, ಎಳೆಯುತ್ತವೆ. ಉತ್ತರ ಲೋಹದ್ದೋ ಗೋಡೆಯದ್ದೋ ತಿಳಿಯದಂತಾಗುತ್ತದೆ.

ಒಳಗೆ ಪರಮಾಣು, ಹೊರಗೆ ಹರಹು: ದಾರಿ ಇದೊಂದೇ. 1996ರಲ್ಲಿ ಎಲಾಡ್ ಟ್ಯಾಡ್ಮೋರ್, ಮೈಕೆಲ್ ಓರ್ಟಿಜ್ ಮತ್ತು ರಾಬ್ ಫಿಲಿಪ್ಸ್ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ನೆಲೆಯಿಂದ ಪ್ರಕಟಿಸಿದ ಕ್ವಾಸಿಕಂಟಿನ್ಯುಅಂ ವಿಧಾನ ಈ ಕಸುಬಿಗೆ ಒಂದು ಕೈಪಿಡಿಯನ್ನೇ ಕೊಟ್ಟಿತು. ಅದರ ಚಿತ್ರಗಳನ್ನು ನೋಡುವುದೇ ಒಂದು ಸೊಗಸು. ದೋಷದ ಸುತ್ತ ಪ್ರತಿ ಪರಮಾಣುವೂ ಇದೆ. ದೂರ ಸರಿದಂತೆ ನೂರಾರು, ಸಾವಿರಾರು ಪರಮಾಣುಗಳ ಪರವಾಗಿ ಒಂದೇ ಪರಮಾಣು ನಿಲ್ಲುತ್ತದೆ. ಅಂಥವನ್ನು ಗೆರೆಯೆಳೆದು ಜೋಡಿಸಿದ ತ್ರಿಕೋನಗಳು ಮೊದಲು ಸಾಸಿವೆಯಷ್ಟು, ಆಮೇಲೆ ದೊಡ್ಡವು, ಅಂಚಿಗೆ ಹೋದಾಗ ಪುಟದ ಮೂಲೆಯನ್ನೇ ತುಂಬುವಷ್ಟು. ತ್ರಿಕೋನದೊಳಗಿನ ಸ್ಫಟಿಕ ಒಂದೇ ಸಮನಾಗಿ ಹಿಗ್ಗಿದೆ ಅಥವಾ ಕುಗ್ಗಿದೆ ಎಂದು ಹಿಡಿದು, ಅದರ ಶಕ್ತಿಯನ್ನು ಪರಮಾಣುಗಳ ಸೂತ್ರದಿಂದಲೇ ಲೆಕ್ಕ ಹಾಕುತ್ತಾರೆ. ಇದಕ್ಕೆ ಕೋಶಿ-ಬಾರ್ನ್ ನಿಯಮವೆಂದು ಹೆಸರು. ದೋಷ ಮುಂದೆ ಸಾಗಿದರೆ ತ್ರಿಕೋನಗಳು ಒಡೆದು, ಅದರ ಹೊಸ ಜಾಗದಲ್ಲಿ ಪರಮಾಣುಗಳು ಮೂಡುತ್ತವೆ.

ಆದರೆ ಈ ಕೆಲಸದ ನಿಜವಾದ ರುಚಿ ಇರುವುದು ಒಳಗಲ್ಲ, ಹೊರಗಲ್ಲ, ಗಡಿಯಲ್ಲಿ. ಇಳಕಲ್ಲಿನ ಮಗ್ಗದಲ್ಲಿ ಮೈಯ ಹತ್ತಿ ಹಾಸನ್ನೂ ಸೆರಗಿನ ರೇಷ್ಮೆ ಹಾಸನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ನೇಕಾರರ ಕೈಚಳಕ ಗೊತ್ತಾಗುವುದೇ ಅಲ್ಲಿ. ಇಲ್ಲಿಯೂ ಹಾಗೇ.

ಹೊಸದಾಗಿ ಒಂದು ಮಾದರಿ ಕಟ್ಟಿದವರು ಮೊದಲು ಮಾಡುವ ಪರೀಕ್ಷೆ ಬಹಳ ಸರಳ. ಯಾವ ದೋಷವೂ ಇಲ್ಲದ, ಯಾರೂ ಮುಟ್ಟದ ಸ್ಫಟಿಕವನ್ನು ತೆಗೆದುಕೊಳ್ಳುವುದು, ಅರ್ಧವನ್ನು ಪರಮಾಣುಗಳಾಗಿ, ಅರ್ಧವನ್ನು ತ್ರಿಕೋನಗಳಾಗಿ ಬರೆಯುವುದು, ಬಲಗಳನ್ನು ಲೆಕ್ಕ ಹಾಕುವುದು. ಉತ್ತರ ಎಲ್ಲೆಡೆಯೂ ಸೊನ್ನೆ ಬರಬೇಕು. ಬರುವುದಿಲ್ಲ! ಗಡಿಯುದ್ದಕ್ಕೂ ಸಣ್ಣ ಸಣ್ಣ ಬಾಣಗಳು ಎದ್ದು ನಿಲ್ಲುತ್ತವೆ. ಯಾರೂ ಎಳೆಯದಿದ್ದರೂ ಪರಮಾಣುಗಳು ಜಗ್ಗಾಡುತ್ತವೆ. ಘೋಸ್ಟ್ ಫೋರ್ಸ್, ಎಂದರೆ ಹುಸಿಬಲ, ಎಂದು ಇವುಗಳನ್ನು ಕರೆಯುತ್ತಾರೆ. ಕಾರಣ ಗೊತ್ತಾದಾಗ ಆಗುವ ಸಂತೋಷ ಹೇಳತೀರದು. ಒಳಗಿನ ಪರಮಾಣು ತನ್ನ ಶಕ್ತಿಯನ್ನು ಲೆಕ್ಕ ಹಾಕುವಾಗ ಗಡಿಯಾಚೆಯ ನೆರೆಯವರನ್ನೂ ಎಣಿಸುತ್ತದೆ. ಗಡಿಯಾಚೆಯದು ತನ್ನ ತ್ರಿಕೋನವನ್ನಷ್ಟೇ ನೋಡುತ್ತದೆ, ಇತ್ತ ತಿರುಗಿಯೂ ನೋಡುವುದಿಲ್ಲ. ಒಂದು ಕಡೆಯ ಲೆಕ್ಕ ಇನ್ನೊಂದು ಕಡೆಯ ಲೆಕ್ಕಕ್ಕೆ ತಾಳೆಯಾಗದೆ ಉಳಿದ ಬಾಕಿಯೇ ಆ ಬಾಣಗಳು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದ ವಿಜಯ್ ಶೆಣೈ ಅವರು ಬ್ರೌನ್‌ನಲ್ಲಿ ಸಂಶೋಧನೆ ಮಾಡಿದ್ದು ಇದೇ ವಿಧಾನದ ಮೇಲೆ. ಅವರು, ರಾನ್ ಮಿಲ್ಲರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಬಾಣಗಳಿಗೆ ಒಂದು ಮದ್ದೂ ಇದೆ: ಹುಸಿಬಲವನ್ನು ಅಳೆದು, ಅಷ್ಟನ್ನೇ ಎದುರು ದಿಕ್ಕಿನಲ್ಲಿ ಹೇರುವುದು. ಎಷ್ಟು ನೇರವಾದ ಉಪಾಯ! ಪರದೆಯ ಮೇಲೆ ಬಾಣಗಳೆಲ್ಲ ಅಡಗಿ, ಸ್ಫಟಿಕ ಸುಮ್ಮನೆ ಇದ್ದಲ್ಲೇ ಇರುವುದನ್ನು ನೋಡುವುದಕ್ಕಿಂತ ದೊಡ್ಡ ತೃಪ್ತಿ ಈ ಕಸುಬಿನಲ್ಲಿ ಕಡಿಮೆ. ಏನೂ ಆಗದಿರುವುದೇ ಇಲ್ಲಿ ಗೆಲುವು.

ಆಮೇಲೆ ವಿಧಾನಗಳು ಒಂದರ ಹಿಂದೊಂದು ಬಂದವು. ಕೆಲವು ಇಡೀ ಮಾದರಿಗೆ ಒಂದೇ ಶಕ್ತಿಸೂತ್ರ ಬರೆದವು, ಕೆಲವು ಶಕ್ತಿಯನ್ನು ಬಿಟ್ಟು ನೇರ ಬಲಕ್ಕೆ ಕೈಹಾಕಿದವು. ಕೆಲವು ಗಡಿಯನ್ನು ಕತ್ತಿಯಂಚಿನಷ್ಟು ತೆಳ್ಳಗಿಟ್ಟವು, ಕೆಲವು ಎರಡೂ ಕಡೆಯವರು ಬೆರೆಯುವ ಪಟ್ಟಿಯೊಂದನ್ನೇ ನಡುವೆ ಬಿಟ್ಟವು. 2009ರಲ್ಲಿ ಮಿಲ್ಲರ್ ಮತ್ತು ಟ್ಯಾಡ್ಮೋರ್ ಇಂಥ 14 ವಿಧಾನಗಳನ್ನು ಒಂದೇ ಚೌಕಟ್ಟಿಗೆ ತಂದು, ಅಲ್ಯೂಮಿನಿಯಂನೊಳಗಿನ ಲೋಮರ್ ಎಂಬ ಬಗೆಯ ಒಂದು ಜೊತೆ ಡಿಸ್‌ಲೊಕೇಶನ್‌ಗಳ ಒಂದೇ ಸಮಸ್ಯೆಯನ್ನು ಎಲ್ಲದಕ್ಕೂ ಒಡ್ಡಿದರು. ತಂತಮ್ಮ ವಿಧಾನವನ್ನು ತಾವೇ ಆರಿಸಿಕೊಂಡ ಉದಾಹರಣೆಯಲ್ಲಿ ಮೆರೆಸುವುದು ಸುಲಭ. ಎಲ್ಲವನ್ನೂ ಒಂದೇ ಒರೆಗಲ್ಲಿಗೆ ಹಚ್ಚುವ ಇಂಥ ಕೆಲಸಕ್ಕೆ ಸಿಗಬೇಕಾದಷ್ಟು ಮೆಚ್ಚುಗೆ ಸಿಗುವುದಿಲ್ಲ.

ಇಷ್ಟೆಲ್ಲ ತಣ್ಣಗಿನ, ಅಲುಗಾಡದ ಲೋಹದ ಕಥೆಯಾಯಿತು. ಕಾವು ಬಂದರೆ ಪರಮಾಣುಗಳು ನಡುಗುತ್ತವೆ, ಆ ನಡುಕ ಅಲೆಯಾಗಿ ಹೊರಗೆ ಸಾಗುತ್ತದೆ. ಎರಡು ಪರಮಾಣುಗಳಷ್ಟು ಕಿರಿದಾದ ಅಲೆಗೆ ಹೊರಗಿನ ದೊಡ್ಡ ತ್ರಿಕೋನದಲ್ಲಿ ಜಾಗವೇ ಇಲ್ಲ. ಗಡಿಗೆ ಬಡಿದು ಹಿಂದಕ್ಕೆ ಬರುತ್ತದೆ. ಹೊರಗೆ ಹೋಗಬೇಕಾದ ಶಾಖವೆಲ್ಲ ಒಳಗೇ ಸಿಕ್ಕಿಬಿದ್ದು, ದೋಷದ ಸುತ್ತಲಿನ ಜಾಗ ಸುಳ್ಳು ಬಿಸಿಯಲ್ಲಿ ಬೇಯತೊಡಗುತ್ತದೆ. ಹಿಂದಿರುಗುವ ಅಲೆಯನ್ನು ಗಡಿಯಲ್ಲೇ ಹೀರಿಕೊಳ್ಳುವ ಉಪಾಯಗಳಿಗಾಗಿ ಹಲವರು ವರ್ಷಗಟ್ಟಲೆ ದುಡಿದಿದ್ದಾರೆ.

ಎಲ್ಲಕ್ಕಿಂತ ಮನಸ್ಸು ಸೆಳೆಯುವ ದೃಶ್ಯ ಮಾತ್ರ ಡಿಸ್‌ಲೊಕೇಶನ್ ಗಡಿ ದಾಟುವುದು. ಶಿಲ್ಕ್ರೋಟ್, ಮಿಲ್ಲರ್ ಮತ್ತು ವಿಲಿಯಂ ಕರ್ಟಿನ್ 2002ರಲ್ಲಿ ಕ್ಯಾಡ್ ಎಂಬ ವಿಧಾನವನ್ನು ಮುಂದಿಟ್ಟರು. ಅದರಲ್ಲಿ ಗಡಿಯ ಒಳಮಗ್ಗುಲಿಗೆ ಒಂದು ಕಾವಲು ಪಟ್ಟಿ ಇರುತ್ತದೆ. ಪರಮಾಣುಗಳ ನಡುವೆ ಓಡಿಬಂದ ಡಿಸ್‌ಲೊಕೇಶನ್ ಅಲ್ಲಿಗೆ ಕಾಲಿಟ್ಟ ಕೂಡಲೇ ಗುರುತು ಸಿಗುತ್ತದೆ. ಒಳಗಿನ ಪರಮಾಣುಗಳ ಸ್ಥಾನದಿಂದ ಅದನ್ನು ಅಳಿಸಿ, ಹೊರಗಿನ ಹರಹಿನಲ್ಲಿ ವೊಲ್ಟೆರಾ ಬರೆದಂಥದೇ ಗಣಿತದ ಗೆರೆಯಾಗಿ ಮತ್ತೆ ಹುಟ್ಟಿಸುತ್ತಾರೆ. ಅಲ್ಲಿಂದ ಮುಂದೆ ಅದು ಒಂದೂ ಪರಮಾಣುವಿಲ್ಲದೆ ಸಾಗುತ್ತದೆ. ಎರಡು ಆಯಾಮದಲ್ಲಿ ಇದು ಚೆನ್ನಾಗಿ ಕೂತಿತು, ಏಕೆಂದರೆ ಅಲ್ಲಿ ಗೆರೆ ಬರಿಯ ಚುಕ್ಕೆ. ಒಳಗಿರುತ್ತದೆ, ಇಲ್ಲವೇ ಹೊರಗಿರುತ್ತದೆ. ಮೂರು ಆಯಾಮದಲ್ಲಿ ಗೆರೆಯ ಅರ್ಧ ಒಳಗೆ, ಅರ್ಧ ಹೊರಗೆ. ಒಂದೇ ಡಿಸ್‌ಲೊಕೇಶನ್ ಒಂದು ತುದಿಯಲ್ಲಿ ಪರಮಾಣುಗಳ ಅಸ್ತವ್ಯಸ್ತ ಸಾಲು, ಇನ್ನೊಂದು ತುದಿಯಲ್ಲಿ ತುಂಡು ತುಂಡಾಗಿ ಜೋಡಿಸಿದ ರೇಖೆ. ಎರಡೂ ಪ್ರತಿ ಹೆಜ್ಜೆಯಲ್ಲೂ ಗಡಿಯ ಅದೇ ಬಿಂದುವಿನಲ್ಲಿ ಸೇರಿಕೊಂಡಿರಬೇಕು, ಒಂದೇ ವೇಗದಲ್ಲಿ ಸಾಗಬೇಕು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕರ್ಟಿನ್ ಮತ್ತು ಸಂಗಡಿಗರು 2018ರಲ್ಲಿ ಇದರ ಮೂರು ಆಯಾಮದ ರೂಪವನ್ನು ಪ್ರಕಟಿಸಿದರು. ಅದರಲ್ಲಿ ಹೊರಗಿನ ರೇಖೆ ಗಡಿಯಂಚಿನ ಪರಮಾಣುಗಳಿಗೆ ಅವು ನಿಲ್ಲಬೇಕಾದ ಜಾಗವನ್ನು ಹೇಳುತ್ತದೆ, ಒಳಗಿನ ಪರಮಾಣುಗಳು ರೇಖೆಗೆ ಅದರ ತುದಿ ಎಲ್ಲಿರಬೇಕೆಂದು ಹೇಳುತ್ತವೆ.