ಮುಂದೇನ್ ಮಾಡ್ತೀಯಪ್ಪಾ?

ಕನ್ನಂಬಾಡಿ ಕಟ್ಟೆಯ ನೀರು 124.80 ಅಡಿ ಮುಟ್ಟದ ವರ್ಷಗಳುಂಟು. ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಬುದ್ಧಿಮಾತಿನ ಮಟ್ಟ ಇಳಿದ ವರ್ಷ ನನಗೆ ನೆನಪಿಲ್ಲ. ಹಾಲಿನ ಡೇರಿ ಮುಂದೆ, ಅರಳಿಕಟ್ಟೆ ಮೇಲೆ, ಕೊನೆಗೆ ತಿಥಿ ಊಟದ ಪಂಕ್ತಿಯಲ್ಲೂ ಹದಿನಾರರ ಹುಡುಗ ಕಣ್ಣಿಗೆ ಬಿದ್ದರೆ ಸಾಕು, ‘ಮುಂದೇನ್ ಮಾಡ್ತೀಯಪ್ಪಾ?’ ಹುಡುಗ ಬಾಯಿ ತೆರೆಯುವಷ್ಟರಲ್ಲಿ ಕೇಳಿದವರೇ ಉತ್ತರವನ್ನೂ ಹೇಳಿ ಮುಗಿಸಿರುತ್ತಾರೆ. ಎಲ್ಲರದೂ ಒಂದೇ ಪಲ್ಲವಿ: ‘ಮನಸ್ ಮಾಡಿದ್ರೆ ಏನ್ ಬೇಕಾದ್ರೂ ಆಗ್ಬೋದು ಕಣಪ್ಪಾ, ಎಲ್ಲಾ ನಿನ್ ಕೈಲೇ ಅದೆ.’

ಸಾಕ್ಷಿಗೆ ದೂರ ಹೋಗಬೇಕಾಗಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ 1943ರಲ್ಲಿ ಹುಟ್ಟಿದ ಯಡಿಯೂರಪ್ಪನವರು ಮುಖ್ಯಮಂತ್ರಿ ಆಗಲಿಲ್ಲವೇ? ಆದರು. ಆದರೆ ಅವರು 1965ರಲ್ಲಿ ಸಮಾಜ ಕಲ್ಯಾಣ ಇಲಾಖೆಯ ಗುಮಾಸ್ತರಾಗಿ, ಆ ಸರ್ಕಾರಿ ನೌಕರಿಯನ್ನೇ ಬಿಟ್ಟು ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯಲು ಹೋದರು ಎಂಬ ಭಾಗ ಬಂದಾಗ ನಮ್ಮ ಹಿರಿಯರಿಗೆ ಕೆಮ್ಮು ಬರುತ್ತದೆ. ಇವತ್ತು ಯಾವ ಹುಡುಗನಾದರೂ ಎಫ್‌ಡಿಎ ಕೆಲಸಕ್ಕೆ ರಾಜೀನಾಮೆ ಕೊಟ್ಟು ಗಿರಣಿ ಸೇರುತ್ತೇನೆ ಎಂದರೆ ಅವನನ್ನು ನೇರ ಮೈಮೇಲೆ ದೇವರು ಬರುವವರ ಹತ್ತಿರ ಕರೆದೊಯ್ಯುತ್ತಾರೆ. ಅದೇ ತಾಲ್ಲೂಕಿನ ಕಿಕ್ಕೇರಿಯ ಕವಿ ಕೆ.ಎಸ್. ನರಸಿಂಹಸ್ವಾಮಿ ಓದನ್ನು ಅರ್ಧಕ್ಕೆ ಬಿಟ್ಟು ಗುಮಾಸ್ತರಾದವರು. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ‘ಹಗಲುಗನಸುಗಳು’ ಬರೆದು ಹೆಸರಾದವರು; ಆ ತಾಲ್ಲೂಕಿನ ಮಕ್ಕಳಿಗೇ ‘ಹಗಲುಗನಸು ಕಾಣ್ಬ್ಯಾಡ ಕಣ್ಲಾ’ ಎಂಬ ಗದರಿಕೆ ಈಗಲೂ ನಿಂತಿಲ್ಲ.

ಎಲ್ಲವೂ ಕೈಯಲ್ಲೇ ಇದೆ ಎನ್ನುವವರು ಆ ಕೈಗೆ ಏನು ಸಿಗುತ್ತದೆ ಎಂದು ನೋಡುವುದಿಲ್ಲ. ನಾಲೆ ನೀರು ಹರಿಯುವ ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಫೇಲಾದವನಿಗೂ ಕಬ್ಬಿನ ಗದ್ದೆಯೆಂಬುದೊಂದಿತ್ತು. ಮಳೆ ನಂಬಿದ್ದ ನಾಗಮಂಗಲ, ಕೆ.ಆರ್. ಪೇಟೆಯ ಹಳ್ಳಿಗಳಲ್ಲಿ ಪಾಸಾದವನಿಗೂ ಇದ್ದದ್ದು ಬೊಂಬಾಯಿ. ನಮ್ಮ ಬೆಂಚಿನಲ್ಲಿ ನನಗಿಂತ ಚೆನ್ನಾಗಿ ಲೆಕ್ಕ ಬಿಡಿಸುತ್ತಿದ್ದವನು ಬೊಂಬಾಯಿಯ ಹೋಟೆಲಿಗೆ ಹೋದ, ನಾನು ಮೈಸೂರಿಗೆ ಓದಲು ಹೋದೆ. ನನ್ನ ಸೋದರಮಾವನಿಗೆ ಮೈಸೂರಿನಲ್ಲೊಂದು ಬಾಡಿಗೆ ಮನೆ, ಆ ಮನೆಗೊಂದು ನಡುಮನೆ ಇತ್ತು, ಅಷ್ಟೇ. ಈಗ ನಾನು ‘ಕಷ್ಟಪಟ್ಟು ಮೇಲೆ ಬಂದ’ ಕಥೆಯನ್ನು ಊರವರು ಮಕ್ಕಳಿಗೆ ಹೇಳುವಾಗ ಅದರಲ್ಲಿ ಬೀದಿದೀಪ ಬರುತ್ತದೆ, ಹರಕು ಚಡ್ಡಿ ಬರುತ್ತದೆ. ಮಾವನ ನಡುಮನೆ ಬರುವುದಿಲ್ಲ. ಮೂರು ವರ್ಷ ಮುಖ ಸಿಂಡರಿಸದೆ ಮುದ್ದೆ, ಉಪ್ಸಾರು ಬಡಿಸಿದ ಅತ್ತೆಯಂತೂ ಸುಳಿಯುವುದೇ ಇಲ್ಲ.

ಬೊಂಬಾಯಿಗೆ ಎಷ್ಟು ಮಂದಿ ಹೋಗಿದ್ದರೆಂಬುದು ಊರಿಗೆ ಸರಿಯಾಗಿ ತಿಳಿದದ್ದು 2020ರ ಮೇ ತಿಂಗಳಲ್ಲಿ, ಕೊರೊನಾಗೆ ಹೆದರಿ ಅವರು ವಾಪಸು ಬಂದಾಗ. ಬಂದವರನ್ನು ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದರು. ಹತ್ತನೇ ಕ್ಲಾಸಿಗೆ ಚಕ್ಕರ್ ಹೊಡೆದು ರೈಲು ಹತ್ತಿದವನೂ ಬಾಗಿಲಲ್ಲಿ ಪೊಲೀಸರಿದ್ದುದರಿಂದ ಒಂದು ದಿನವೂ ತಪ್ಪಿಸದೆ ಶಾಲೆಯಲ್ಲಿ ಕೂತ. ಹಾಜರಿ ಪೂರ್ತಿ ಸಿಕ್ಕಿತು. ಪಾಠ ಮಾಡುವವರು ಯಾರೂ ಇರಲಿಲ್ಲ.

ಊರಲ್ಲೇ ಉಳಿದವನ ಪಾಡು ಬೇರೆ. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ವಧು-ವರರ ಸಮಾವೇಶ ನಡೆದಾಗ ಗಂಡುಗಳು ಸಾವಿರದ ಲೆಕ್ಕದಲ್ಲಿ ಬಂದರು, ಹೆಣ್ಣುಗಳು ನೂರರ ಲೆಕ್ಕದಲ್ಲಿ. ಎರಡೆಕರೆ ಗದ್ದೆ, ನಾಲ್ಕು ಹಸು ಇಟ್ಟುಕೊಂಡು ನೆಮ್ಮದಿಯಾಗಿರುವವನಿಗೆ ಹೆಣ್ಣಿಲ್ಲ. ಸಂಬಳವೆಲ್ಲ ಬಾಡಿಗೆಗೂ ಊಟಕ್ಕೂ ಸರಿಹೋಗುವ ‘ಬೆಂಗ್ಳೂರಲ್ಲಿ ಕೆಲ್ಸ’ದವನಿಗೆ ಹೆಣ್ಣುಂಟು. ಹೀಗಾಗಿ ಎಷ್ಟೋ ಹುಡುಗರು ಬೆಂಗಳೂರಿಗೆ ಹೋಗುವುದು ಕೆಲಸಕ್ಕಲ್ಲ, ಲಗ್ನಪತ್ರಿಕೆಗೆ.

ಈಚೆಗೆ ನನ್ನ ಹೊತ್ತು ಕಳೆಯುವುದು ಗೆಳೆಯನ ಮಗನ ಜೆರಾಕ್ಸ್ ಅಂಗಡಿಯಲ್ಲಿ. ಆನ್‌ಲೈನ್ ಅರ್ಜಿಗಳೆಲ್ಲ ಅಲ್ಲೇ. ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆಯಲ್ಲ, ಆದರೆ ಹಳ್ಳಿಯವನೆನಿಸಿಕೊಳ್ಳಲು ಹಳ್ಳಿಯಲ್ಲಿ ಹುಟ್ಟಿ ಸೆಗಣಿ ಬಾಚಿದ್ದರೆ ಸಾಲದು. ಹೆಡ್‌ಮಾಸ್ಟರ ರುಜು ಬೇಕು, ಅದರ ಮೇಲೆ ಬಿಇಒ ರುಜು ಬೇಕು, ಜಾತಿ-ಆದಾಯಕ್ಕೆ ನಾಡಕಚೇರಿಗೆ ಎಡತಾಕಬೇಕು, ಸರ್ವರ್ ಡೌನ್ ಆಗಿದ್ದರೆ ನಾಳೆ ಬರಬೇಕು. ಹಿಂದುಳಿದಿದ್ದೇನೆಂದು ಸಾಬೀತು ಮಾಡಲು ಆ ಹುಡುಗರು ತೋರುವ ಚುರುಕುತನ ಕಂಡರೆ, ಇಂಥವರು ಹಿಂದುಳಿದದ್ದಾದರೂ ಹೇಗೆ ಎನಿಸುತ್ತದೆ.

ಹೋದ ಜೂನಿನಲ್ಲಿ ತಾಯಿ ಮಗಳು ಬಂದರು. ಮಗಳ ಅಂಕಪಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ, ಆ ಕವರು ತಾಯಿಯ ಸೆರಗಿನಲ್ಲಿ. 625ಕ್ಕೆ 571. ಯಾರೂ ಕೇಳದಿದ್ದರೂ ನಾನು ಹೇಳಿದೆ: ‘ಸೈನ್ಸ್ ತಗಳವ್ವ.’

‘ನಂಗೆ ಕಾಮರ್ಸೇ ಇಷ್ಟ, ತಾತ.’

ತಾಯಿ ನಡುವೆ ಬಾಯಿ ಹಾಕಿದರು. ‘ಇಷ್ಟನೂ ಇಲ್ಲ ಏನೂ ಇಲ್ಲ ಸಾ. ಸೈನ್ಸು ಅಂದ್ರೆ ಟ್ಯೂಷನ್ನು. ಟ್ಯೂಷನ್ ಮುಗ್ಯೋ ಹೊತ್ಗೆ ನಮ್ಮೂರ್ಗೆ ಬಸ್ಸಿಲ್ಲ.’

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಅದರಿಂದ ಕಾಲೇಜಿಗೆ, ಗಾರ್ಮೆಂಟ್ಸಿಗೆ ಹೋಗಿಬರುವ ಹೆಣ್ಣುಮಕ್ಕಳಿಗೆ ಆದ ಅನುಕೂಲ ಸಣ್ಣದಲ್ಲ. ಆದರೆ ಬಾರದ ಬಸ್ಸಿಗೆ ಟಿಕೆಟ್ ಪುಕ್ಕಟೆಯಾದರೇನು?

ಹುಡುಗಿ ತಾಯಿಯ ಕಡೆ ತಿರುಗಿ, ‘ಬಸ್ಸಿಗಲ್ಲ ಕಣಮ್ಮ, ನಂಗಿಷ್ಟ’ ಎಂದಳು. ಆಮೇಲೆ ಅಂಗಡಿಯವನಿಗೆ, ‘ಕಾಮರ್ಸ್ ಅಂತ ಹಾಕಣ್ಣ.’ ಅವನು ಹಾಕಿದ. ಅವಳೇ ಪರದೆಯತ್ತ ಬಗ್ಗಿ ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ತಾಳೆ ನೋಡಿ, ಇನಿಶಿಯಲ್ ಹಿಂದುಮುಂದಾಗಿದ್ದನ್ನು ತಿದ್ದಿಸಿದಳು.

ತಾಯಿ ಹೇಳಿದ್ದೂ ನಿಜ, ಮಗಳು ಹೇಳಿದ್ದೂ ನಿಜ. ಬಸ್ಸು ಅವಳಿಗೊಂದೇ ದಾರಿ ಬಿಟ್ಟಿತ್ತು. ಆ ದಾರಿಯನ್ನು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಅವಳು ಬಸ್ಸಿಗೆ ಬಿಟ್ಟುಕೊಡಲಿಲ್ಲ. ಆ ಹದಿನಾರರ ಹುಡುಗಿಗೆ ‘ಮನಸ್ಸು ಮಾಡು’ ಎಂದು ಹೇಳಿಕೊಡಬೇಕಾದದ್ದು ಏನೂ ಉಳಿದಿರಲಿಲ್ಲ. ನಾವು ಹಿರಿಯರು ಮನಸ್ಸು ಮಾಡಬೇಕಾದರೆ ಡಿಪೋಗೆ ಹೋಗಿ ಸಂಜೆ ಏಳೂವರೆಗೊಂದು ಬಸ್ಸು ಹಾಕಿಸಬೇಕು. ಸೈನ್ಸೋ ಕಾಮರ್ಸೋ, ಅದನ್ನು ಅವಳು ನೋಡಿಕೊಳ್ಳುತ್ತಾಳೆ.